ರಾಯಚೂರಿನಲ್ಲಿ ಮಕ್ಕಳ ಓದಿಗೆ ಬಾಡಿಗೆ ಮನೆ: ಹೇಳುವ ಬಾಡಿಗೆ ಎಷ್ಟು, ಬೀಳುವ ಖರ್ಚು ಎಷ್ಟು?

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು. ವಿಜಯದಾಸರು ಹುಟ್ಟಿದ ಊರೆಂದು ನಾಡಿಗೆಲ್ಲ ಪರಿಚಿತ. ಇಂಥ ಊರುಗಳಲ್ಲಿ, ಮಾನ್ವಿ, ದೇವದುರ್ಗದಂಥ ತಾಲ್ಲೂಕು ಕೇಂದ್ರಗಳಲ್ಲಿ ಕಿರಾಣಿ, ಬಟ್ಟೆ, ಧಾನ್ಯದ ವ್ಯಾಪಾರ ಮಾಡುವ ಕುಟುಂಬಗಳಿಗೆ ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಒಂದೇ ಚಿಂತೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನೋ ಮಗಳನ್ನೋ ಪಿಯುಸಿಗೆ ರಾಯಚೂರಿಗೆ ಕಳಿಸಬೇಕು. ಹಾಸ್ಟೆಲ್ ಊಟ ಒಗ್ಗದು, ಸೂರ್ಯಾಸ್ತದೊಳಗೆ ಊಟ ಸಿಗದು ಎಂಬ ಕಾರಣಕ್ಕೆ ತಾಯಿ ಮಕ್ಕಳೊಂದಿಗೆ ಅಲ್ಲಿಯೇ ಮನೆ ಮಾಡುವುದು, ತಂದೆ ಅಂಗಡಿ ನೋಡಿಕೊಂಡು ಊರಲ್ಲಿ ಉಳಿಯುವುದು ಈಗ ಸಾಮಾನ್ಯವಾಗಿದೆ. ಒಂದು ಗಲ್ಲಾಪೆಟ್ಟಿಗೆಯ ಆದಾಯದಲ್ಲಿ ಎರಡು ಒಲೆ ಉರಿಯಬೇಕು. ಆದ್ದರಿಂದ ಮನೆ ನೋಡುವ ಮೊದಲೇ ಲೆಕ್ಕ ನೋಡುವುದು ಒಳ್ಳೆಯದು.

ಬೇಡಿಕೆ ಏಕೆ ಹೆಚ್ಚಿದೆ?

ರಾಯಚೂರು ಮೊದಲಿನಿಂದಲೂ ಹತ್ತಿ, ಅಕ್ಕಿ ಮಿಲ್ಲುಗಳ ವ್ಯಾಪಾರದ ಪಟ್ಟಣ. ಈಗ ವಿದ್ಯಾಕೇಂದ್ರವೂ ಆಗಿದೆ. ರಿಮ್ಸ್ ಮತ್ತು ನವೋದಯ ವೈದ್ಯಕೀಯ ಕಾಲೇಜುಗಳು, ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯ, ಯರಮರಸ್‌ನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, 2019ರಲ್ಲಿ ಆರಂಭವಾದ ಐಐಐಟಿ, ಜೊತೆಗೆ ಹತ್ತಾರು ಪಿಯು ಕಾಲೇಜುಗಳು. ವಿದ್ಯಾರ್ಥಿಗಳು, ನೌಕರರು, ವೈದ್ಯರು ಎಲ್ಲರೂ ಮೇ, ಜೂನ್‌ನಲ್ಲಿ ಏಕಕಾಲಕ್ಕೆ ಮನೆ ಹುಡುಕುತ್ತಾರೆ. ಸಸ್ಯಾಹಾರಿಗಳಿಗೆ ಮಾತ್ರ ಕೊಡುವ ಮನೆ, ಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆ ಎಂದು ಆಯ್ಕೆ ಕಿರಿದಾದಷ್ಟೂ ಬಾಡಿಗೆ ಏರುತ್ತದೆ. ಕುಟುಂಬದವರು ಈ ಎರಡರಲ್ಲಿ ಯಾವುದು ಬಿಡಲಾಗದು, ಯಾವುದು ಹೊಂದಿಸಿಕೊಳ್ಳಬಹುದು ಎಂದು ಮೊದಲೇ ಮಾತಾಡಿಕೊಂಡರೆ ಮಾಲೀಕರ ಮುಂದೆ ಗಟ್ಟಿಯಾಗಿ ಕೂರಬಹುದು.

ಒಂದು ಲೆಕ್ಕ

ಬಾಡಿಗೆ ಓಣಿಯಿಂದ ಓಣಿಗೆ ಬೇರೆ ಇರುತ್ತದೆ. ತಿಳಿವಳಿಕೆಗಾಗಿ ಎರಡು ಕೋಣೆಯ ಒಂದು ಅಪಾರ್ಟ್‌ಮೆಂಟ್‌ಗೆ ತಿಂಗಳಿಗೆ 9,000 ರೂ. ಬಾಡಿಗೆ, 60,000 ರೂ. ಅಡ್ವಾನ್ಸ್ ಎಂದು ಹಿಡಿಯೋಣ. ಪಿಯುಸಿಯ ಎರಡು ವರ್ಷಕ್ಕೆ, ಅಂದರೆ 24 ತಿಂಗಳಿಗೆ ಲೆಕ್ಕ ಹಾಕೋಣ.

1. ಬಾಡಿಗೆ: 9,000 ರೂ.
2. ಅಡ್ವಾನ್ಸ್‌ನ ಬಡ್ಡಿ: 60,000 ರೂ. ಬ್ಯಾಂಕಿನಲ್ಲಿದ್ದರೆ ಶೇ. 7ರಂತೆ ವರ್ಷಕ್ಕೆ 4,200 ರೂ. ಬರುತ್ತಿತ್ತು. ತಿಂಗಳಿಗೆ 350 ರೂ.
3. ಮೇಂಟೆನೆನ್ಸ್ (ಲಿಫ್ಟ್, ಕಾವಲುಗಾರ, ಕಸ, ಮೋಟಾರ್): 1,000 ರೂ.
4. ಕುಡಿಯುವ ನೀರು: ದಿನಕ್ಕೊಂದು ಕ್ಯಾನ್, 20 ರೂ.ನಂತೆ 600 ರೂ.
5. ವಿದ್ಯುತ್: ಬೇಸಿಗೆ, ಮಳೆಗಾಲ ಸೇರಿಸಿ ಸರಾಸರಿ 700 ರೂ.
6. ಒಮ್ಮೆ ಬೀಳುವ ಖರ್ಚು: ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 9,000, ಸಾಮಾನು ಸಾಗಣೆ 6,000, ಬಿಡುವಾಗ ಬಣ್ಣಕ್ಕೆಂದು ಮುರಿದುಕೊಳ್ಳುವ 9,000. ಒಟ್ಟು 24,000 ರೂ. 24 ತಿಂಗಳಿಗೆ ಹಂಚಿದರೆ 1,000 ರೂ.

ಒಟ್ಟು ತಿಂಗಳಿಗೆ 12,650 ರೂ. ಆಯಿತು. 24 ತಿಂಗಳಿಗೆ 3,03,600 ರೂ. ಪ್ರತಿ 11 ತಿಂಗಳಿಗೆ ಶೇ. 5ರಷ್ಟು ಬಾಡಿಗೆ ಏರಿದರೆ ಇನ್ನೂ ಸುಮಾರು 6,750 ರೂ. ಸೇರುತ್ತದೆ. ಅಂದರೆ ಬೋರ್ಡಿನ ಮೇಲೆ 9,000 ಎಂದಿರುವ ಮನೆಗೆ ಕೈಯಿಂದ ಹೋಗುವುದು ಸುಮಾರು 13,000. ಇದರಲ್ಲಿ ಎರಡನೇ ಮನೆಯ ದಿನಸಿ, ಗ್ಯಾಸ್, ಕಾಲೇಜು ಶುಲ್ಕ ಸೇರಿಲ್ಲ. ಓದುಗರು ತಮಗೆ ಹೇಳಿದ ಅಂಕಿಗಳನ್ನು ಇದೇ ಆರು ಸಾಲಿನಲ್ಲಿ ಬರೆದು ಕೂಡಿಸಿ ನೋಡಬೇಕು. ಬಾಡಿಗೆ ಸಾವಿರ ಕಡಿಮೆ ಇದ್ದು ಮೇಂಟೆನೆನ್ಸ್, ನೀರು, ಆಟೋ ಖರ್ಚು ಹೆಚ್ಚಿರುವ ಮನೆ ಅಗ್ಗವಲ್ಲ ಎಂಬುದು ಆಗ ತಾನೇ ತಿಳಿಯುತ್ತದೆ.

ನೀರು ಮತ್ತು ಕರೆಂಟು

ರಾಯಚೂರಿನ ಎರಡೂ ಬದಿಯಲ್ಲಿ ಕೃಷ್ಣೆ, ತುಂಗಭದ್ರೆ ಹರಿದರೂ ನಗರದಲ್ಲಿ ನೀರಿನ ವಿಚಾರ ಸುಲಭವಿಲ್ಲ. 2022ರ ಮೇ ಕೊನೆ ಮತ್ತು ಜೂನ್‌ನಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಆದ್ದರಿಂದ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೆಳಗಿನ ಸಂಪು ಮತ್ತು ಮೇಲಿನ ಟ್ಯಾಂಕನ್ನು ಯಾವಾಗ ತೊಳೆದಿದ್ದಾರೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂದು ಕೇಳಲು ಸಂಕೋಚ ಬೇಡ. ಶ್ರಾವಕರ ಮನೆಗಳಲ್ಲಿ ನೀರನ್ನು ಸೋಸಿ, ಕಾಯಿಸಿ ಕುಡಿಯುವ ಪದ್ಧತಿ ಇದೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ. ಆದರೆ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಅದು ಕಾಯಿಸಿದರೆ ಹೋಗುವುದಿಲ್ಲ. ಬೋರ್ ನೀರು ಬಳಕೆಗೆ ಇರಲಿ, ಕುಡಿಯಲು ಶುದ್ಧೀಕರಿಸಿದ ನೀರನ್ನೇ ತರುವುದು ಕ್ಷೇಮ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲಿನ ಮಹಡಿಯ ಮನೆಗೆ ಬಾಡಿಗೆ ಕಡಿಮೆ ಹೇಳಿದರೂ ಕೂಲರ್, ಏಸಿಯ ಖರ್ಚು ಅದನ್ನು ನುಂಗುತ್ತದೆ. ಮಕ್ಕಳ ಪರೀಕ್ಷೆಯೂ ಸೆಕೆ ಏರುವ ಮಾರ್ಚ್‌ನಲ್ಲೇ ಬರುವುದು.

ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. 200 ಯೂನಿಟ್‌ವರೆಗೆ ಉಚಿತ ಎಂದು ಹೇಳಿದರೂ ಪ್ರತಿ ಮನೆಗೆ ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ ಮಿತಿ ಇರುತ್ತದೆ. ಆ ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್‌ಗೆ, 200 ದಾಟಿದರೆ ಪೂರ್ತಿ ಬಿಲ್ಲಿಗೆ ಹಣ ಕಟ್ಟಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರ್‌ಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿದ ನಂತರವೇ ಹೊಸಬರ ಹೆಸರು ಸೇರುತ್ತದೆ. ಮನೆಗೆ ಪ್ರತ್ಯೇಕ ಮೀಟರ್ ಇದೆಯೇ, ಜೆಸ್ಕಾಂನ ಹಳೆಯ ಬಾಕಿ ಇದೆಯೇ ಎಂದು ಅಡ್ವಾನ್ಸ್ ಕೊಡುವ ಮೊದಲೇ ನೋಡಬೇಕು.

ಕರಾರು ಪತ್ರ 11 ತಿಂಗಳಿಗೇ ಏಕೆ?

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳ ರೂಢಿ ಬಂದಿದೆ. ಜೂನ್ 1ಕ್ಕೆ ಆರಂಭಿಸಿದರೆ ಏಪ್ರಿಲ್ 30ಕ್ಕೆ ಮುಗಿಯುತ್ತದೆ, ಶೈಕ್ಷಣಿಕ ವರ್ಷಕ್ಕೆ ಹೊಂದುತ್ತದೆ. ಆದರೆ ಮೊದಲ ವರ್ಷ ಮುಗಿದ ಕೂಡಲೇ ಮನೆ ಬಿಡಿ ಎನ್ನುವ ಸಂದರ್ಭ ಬರಬಾರದೆಂದರೆ, ಮುಂದಿನ 11 ತಿಂಗಳಿಗೆ ಇಂತಿಷ್ಟೇ ಏರಿಕೆಯೊಂದಿಗೆ ನವೀಕರಿಸಲಾಗುವುದು ಎಂಬ ಸಾಲು ಮೊದಲ ಪತ್ರದಲ್ಲೇ ಇರಬೇಕು.

1999ರ ಕರ್ನಾಟಕ ಬಾಡಿಗೆ ಕಾಯ್ದೆ ರಕ್ಷಣೆ ಕೊಡುತ್ತದೆಂದು ಹಲವರು ನಂಬಿದ್ದಾರೆ. ಆ ಕಾಯ್ದೆಯಲ್ಲಿ ಬಾಡಿಗೆಯ ಮಿತಿ ಊರಿಗೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂ. ಎಂದಿದೆ. ಹೀಗಾಗಿ ಇಂದಿನ ಹೆಚ್ಚಿನ ಅಪಾರ್ಟ್‌ಮೆಂಟ್‌ಗಳು ಅದರ ಹೊರಗೆ ಉಳಿಯುತ್ತವೆ. ಪತ್ರದಲ್ಲಿ ನೋಟಿಸ್ ಅವಧಿ ಬರೆಯದಿದ್ದರೆ ತಿಂಗಳ ಬಾಡಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನದ ನೋಟಿಸ್ ಸಾಕು. ಪರೀಕ್ಷೆಯ ಹೊತ್ತಿಗೆ 15 ದಿನದಲ್ಲಿ ಮನೆ ಖಾಲಿ ಮಾಡುವುದೆಂದರೆ ಮಗುವಿನ ವರ್ಷವೇ ಹಾಳು. ಕನಿಷ್ಠ ಎರಡು ತಿಂಗಳ ನೋಟಿಸ್ ಎಂದು ಬರೆಸಿಕೊಳ್ಳಬೇಕು. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡಿದರಷ್ಟೇ ಅನ್ವಯವಾಗುತ್ತದೆ. ಚೌಕಾಶಿ ಮಾಡುವಾಗ ಹೇಳಲು ಅಡ್ಡಿಯಿಲ್ಲ.

ಪತ್ರದಲ್ಲಿ ಇರಲೇಬೇಕಾದ ಇತರ ವಿಷಯಗಳು: ಅಡ್ವಾನ್ಸ್ ಮೊತ್ತ ಮತ್ತು ಅದನ್ನು ಹಿಂದಿರುಗಿಸುವ ದಿನ, ಬಣ್ಣಕ್ಕೆ ಎಷ್ಟು ಕಡಿತ, ಮೇಂಟೆನೆನ್ಸ್ ಯಾರು ಕಟ್ಟಬೇಕು, ಫ್ಯಾನು, ಗೀಸರ್ ಮುಂತಾದ ಸಾಮಾನಿನ ಪಟ್ಟಿ. ಅಡ್ವಾನ್ಸ್ ಮತ್ತು ಬಾಡಿಗೆಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಬೇಕು. ಪರಿಚಯದವರು, ಸಮಾಜದವರೇ ಮಾಲೀಕರಾಗಿದ್ದರೂ ಬರಹ ಇರಲಿ. ಬರಹವಿದ್ದರೆ ಸಂಬಂಧ ಕೆಡುವುದಿಲ್ಲ.

ಭೋಗ್ಯದ ಮನೆ

ದೊಡ್ಡ ಮೊತ್ತ ಒಮ್ಮೆಗೆ ಕೊಟ್ಟರೆ ಬಾಡಿಗೆಯೇ ಬೇಡ ಎನ್ನುವ ಭೋಗ್ಯದ ವ್ಯವಹಾರ ವ್ಯಾಪಾರಸ್ಥರನ್ನು ಸೆಳೆಯುತ್ತದೆ. 4 ಲಕ್ಷ ರೂ. ಕೊಟ್ಟರೆ ಶೇ. 7ರಂತೆ ಕಳೆದುಕೊಳ್ಳುವ ಬಡ್ಡಿ ತಿಂಗಳಿಗೆ ಸುಮಾರು 2,333 ರೂ. 9,000ದ ಬಾಡಿಗೆಗೆ ಹೋಲಿಸಿದರೆ ಲಾಭವೆನಿಸುತ್ತದೆ. ಆದರೆ ಅದೇ ಹಣವನ್ನು ಅಂಗಡಿಯ ದುಡಿಮೆ ಬಂಡವಾಳದಿಂದ ತೆಗೆದಿದ್ದರೆ ನಷ್ಟ ಬ್ಯಾಂಕ್ ಬಡ್ಡಿಗಿಂತ ಹೆಚ್ಚು. ಇನ್ನೂ ದೊಡ್ಡ ಅಪಾಯ ಅಸಲಿನದು. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ತಪ್ಪಿಸಿದರೆ ಬ್ಯಾಂಕು ಹರಾಜಿಗೆ ಬರುತ್ತದೆ. 100 ರೂ. ಮೀರಿದ ಭೋಗ್ಯ ಅಡಮಾನ ಪತ್ರ ನೋಂದಣಿಯಾಗಿರಬೇಕೆಂದು ಕಾನೂನು ಹೇಳುತ್ತದೆ. ಛಾಪಾ ಕಾಗದದ ಮೇಲಿನ ಸಹಿ ಮಾತ್ರ ನಂಬಿ ಲಕ್ಷಗಳನ್ನು ಕೊಡಬಾರದು. ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ, ನೋಂದಣಿಗೆ ಮಾಲೀಕರು ಒಪ್ಪದಿದ್ದರೆ ಆ ವ್ಯವಹಾರ ಬಿಡುವುದೇ ಮೇಲು.

ಬೇರೆ ದಾರಿಗಳು

ಮಾನ್ವಿಯಿಂದ ರಾಯಚೂರು ಸುಮಾರು 45 ಕಿ.ಮೀ. ದೂರ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ಮಾನ್ವಿ ಪಟ್ಟಣದಲ್ಲೇ ಇರುವವರಿಗೆ ಬಸ್ಸು ಸಾಧ್ಯವಾದ ದಾರಿ. ಚೀಕಲಪರ್ವಿಯಂಥ ಊರಿನಿಂದ ಮಾನ್ವಿಗೆ ಬಂದು ಬಸ್ಸು ಬದಲಿಸುವ ಮಕ್ಕಳಿಗೆ ದಿನಕ್ಕೆ ಮೂರು ನಾಲ್ಕು ಗಂಟೆ ದಾರಿಯಲ್ಲೇ ಹೋಗುತ್ತದೆ. ಅಲ್ಲಿ ಉಳಿತಾಯ ದುಡ್ಡಿನದು, ಖರ್ಚು ಓದಿನ ಹೊತ್ತಿನದು.

ಜೈನರನ್ನು 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿಸಲಾಗಿದೆ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳನ್ನು ನಡೆಸುತ್ತದೆ, ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಆದಾಯ ಮಿತಿ ಮತ್ತು ಅರ್ಜಿಯ ದಿನಾಂಕವನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೇ ತಿಂಗಳೊಳಗೆ ಸಿದ್ಧ ಮಾಡಿಟ್ಟುಕೊಳ್ಳಬೇಕು.

ಇನ್ನೊಂದು ದಾರಿ, ಎರಡು ಕುಟುಂಬಗಳು ಕೂಡಿ ಮೂರು ಕೋಣೆಯ ಒಂದು ಮನೆ ಹಿಡಿಯುವುದು. ತಾಯಂದಿರು ಸರದಿಯಂತೆ ಇದ್ದರೆ ಇಬ್ಬರೂ ಪೂರ್ತಿ ವರ್ಷ ಊರು ಬಿಡಬೇಕಿಲ್ಲ, ಅಡುಗೆ ಒಂದೇ, ಬಾಡಿಗೆ ಅರ್ಧ. ಇದಕ್ಕೆ ಮಾಲೀಕರ ಒಪ್ಪಿಗೆ ಪಡೆದು ಇಬ್ಬರ ಹೆಸರನ್ನೂ ಕರಾರಿನಲ್ಲಿ ಸೇರಿಸಬೇಕು. ಆಯಾ ಊರಿನ ಸಮಾಜದ ಹಿರಿಯರು ಏಪ್ರಿಲ್‌ನಲ್ಲೇ ಯಾರ ಮಕ್ಕಳು ರಾಯಚೂರಿಗೆ ಹೊರಟಿದ್ದಾರೆ, ಯಾರ ಮನೆ ಖಾಲಿಯಾಗುತ್ತಿದೆ ಎಂದು ಒಂದು ಪಟ್ಟಿ ಮಾಡಿದರೆ ಬ್ರೋಕರ್ ದುಡ್ಡೂ ಉಳಿಯುತ್ತದೆ, ಜೊತೆಗಾರರೂ ಸಿಗುತ್ತಾರೆ.