ಬೆನ್ನಿನ ಸೂಜಿಯಿಂದ ಬಾಣಂತಿ ಕೋಣೆಯವರೆಗೆ

ಹತ್ತಿಮತ್ತೂರಿನ ಬಸುರಿಯನ್ನು ಹೆರಿಗೆಗೆ ಸವಣೂರಿಗೆ ಕರೆದೊಯ್ಯುತ್ತಾರೆ. ತೊಡಕು ಕಂಡರೆ ಹಾವೇರಿಯ ಜಿಲ್ಲಾ ಆಸ್ಪತ್ರೆ, ಇನ್ನೂ ಬಿಗಡಾಯಿಸಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ. ಎಲ್ಲಿಗೇ ಹೋಗಲಿ, ‘ಸಿಜೇರಿಯನ್ ಮಾಡಬೇಕು’ ಅಂದ ಕೂಡಲೇ ಮನೆಯವರ ಚಿಂತೆಯೆಲ್ಲ ಕೊಯ್ಯುವುದು, ಹೊಲಿಯುವುದರ ಸುತ್ತಲೇ. ಅರಿವಳಿಕೆ ವೈದ್ಯರ ಚಿಂತೆ ಬೇರೆ: ಮುಂದಿನ ಒಂದು ತಾಸು ಈ ತಾಯಿಯ ರಕ್ತ ಎಷ್ಟು ಒತ್ತಡದಲ್ಲಿ, ಎಲ್ಲೆಲ್ಲಿಗೆ ಹರಿಯುತ್ತದೆ?

ದಿನ ತುಂಬಿದ ಬಸುರಿಯ ಮೈಯಲ್ಲಿ ಮೊದಲಿಗಿಂತ ಸುಮಾರು ಶೇ 40ರಷ್ಟು ಹೆಚ್ಚು ರಕ್ತ ಇರುತ್ತದೆ. ಗರ್ಭಕೋಶವೊಂದಕ್ಕೇ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ಹೋಗುತ್ತದೆ. ಒತ್ತಡ ಕೊಂಚ ಇಳಿದರೆ ಮಿದುಳಿನ ರಕ್ತನಾಳಗಳು ಹಿಗ್ಗಿ ತಮ್ಮ ಪಾಲು ಉಳಿಸಿಕೊಳ್ಳುತ್ತವೆ. ಗರ್ಭಕೋಶದ ನಾಳಗಳು ಆಗಲೇ ಪೂರ್ತಿ ಹಿಗ್ಗಿರುವುದರಿಂದ ಅವಕ್ಕೆ ಆ ಅವಕಾಶವಿಲ್ಲ. ತಾಯಿಯ ಬಿ.ಪಿ. ಇಳಿದಷ್ಟೂ ಮಗುವಿಗೆ ರಕ್ತ ಕಡಿಮೆ.

ಸಿಜೇರಿಯನ್‌ಗೆ ಮುನ್ನ ಬೆನ್ನಿಗೆ ಕೊಡುವ ಅರಿವಳಿಕೆ ಸೂಜಿ ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಹಿಡಿದ ನರಗಳನ್ನೂ ಮಲಗಿಸುತ್ತದೆ. ನಾಳಗಳು ಸಡಿಲವಾಗುತ್ತವೆ. ಕೊಡದ ನೀರನ್ನು ಕೊಪ್ಪರಿಗೆಗೆ ಸುರಿದರೆ ನೀರು ಅಷ್ಟೇ ಇದ್ದರೂ ಮಟ್ಟ ತಳ ಕಾಣುತ್ತದಲ್ಲ, ಹಾಗೆಯೇ ಬಿ.ಪಿ. ಕುಸಿಯುತ್ತದೆ. ಸಾಲದ್ದಕ್ಕೆ, ಅಂಗಾತ ಮಲಗಿದಾಗ ಭಾರವಾದ ಗರ್ಭಕೋಶವು ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿಯನ್ನು ಅದುಮುತ್ತದೆ. ಅದಕ್ಕೇ ಬಲ ಸೊಂಟದ ಕೆಳಗೆ ದಿಂಬು ಕೊಟ್ಟು ಎಡಕ್ಕೆ ವಾಲಿಸುತ್ತಾರೆ. ‘ಯಾಕೋ ಹೊಟ್ಟಿ ತೊಳಸಾಕತ್ತೈತ್ರಿ’ ಎಂದು ತಾಯಿ ಗೊಣಗಿದರೆ ಅನುಭವಿ ವೈದ್ಯರ ಕಣ್ಣು ತಟ್ಟನೆ ಮಾನಿಟರ್ ಕಡೆ ಹೊರಳುತ್ತದೆ, ಬಿ.ಪಿ. ಇಳಿಯುತ್ತಿರುವುದರ ಮೊದಲ ಸುಳಿವು ಎಷ್ಟೋ ಸಲ ಅದೇ. ಬರುವಾಗ ಮೇಲಿನ ಬಿ.ಪಿ. 120 ಇದ್ದವಳಿಗೆ 108ರ ಆಸುಪಾಸಿನಲ್ಲಿ ಉಳಿಸಬೇಕು, 96ಕ್ಕಿಂತ ಕೆಳಗಿಳಿದರೆ ತಡಮಾಡುವಂತಿಲ್ಲ. ನಾಳಗಳನ್ನು ಮತ್ತೆ ಬಿಗಿಗೊಳಿಸುವ ಫಿನೈಲೆಫ್ರಿನ್ ಮದ್ದನ್ನು ಮೈಕ್ರೊಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ.

ಜೊತೆಗೆ ಸಲೈನ್ ಹಚ್ಚುತ್ತಾರೆ, ಹೆಚ್ಚಾಗಿ ರಿಂಗರ್ ಲ್ಯಾಕ್ಟೇಟ್. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಶಂಕೆ ಹೋದದ್ದು ಪೂರೈಕೆಯಾಗಿದ್ದ ಈ ದ್ರಾವಣದ ಮೇಲೆಯೇ. ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಸಂಕಟ ಮರೆಯುವಂಥದ್ದಲ್ಲ. ಆದರೆ ಅದರಿಂದ ಸಲೈನ್ ಎಂದರೇ ಭಯ ಹುಟ್ಟಬಾರದು. ಗುಣಮಟ್ಟ ಸರಿಯಿದ್ದರೆ ಇದು ದಿನವೂ ಜೀವ ಉಳಿಸುವ ದ್ರಾವಣ.

ಮಗು ಹೊರಬಂದ ಮೇಲೆ ರಕ್ತ ನಿಲ್ಲಿಸುವವು ಗರ್ಭಕೋಶದ ಸ್ನಾಯುಗಳೇ. ಅವು ಹೆಣೆದುಕೊಂಡು ಕುಗ್ಗಿ, ನಡುವಿನ ನಾಳಗಳನ್ನು ಹಿಚುಕಿ ಮುಚ್ಚುತ್ತವೆ. ಅದಕ್ಕೆ ನೆರವಾಗುವ ಆಕ್ಸಿಟೋಸಿನ್ ಅನ್ನು ಒಮ್ಮೆಲೇ ಕೊಟ್ಟರೆ ಬಿ.ಪಿ. ಬೀಳುತ್ತದೆ, ಹಾಗಾಗಿ ನಿಧಾನವಾಗಿ ಕೊಡಬೇಕು. ಸ್ರಾವ ಮಿತಿಮೀರಿದರೆ ಹೆರಿಗೆಯಾದ 3 ತಾಸಿನೊಳಗೆ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ತಗ್ಗುತ್ತದೆಂದು 21 ದೇಶಗಳ ಸುಮಾರು 20,000 ತಾಯಂದಿರ ಅಧ್ಯಯನ 2017ರಲ್ಲಿ ತೋರಿಸಿತು. ಎಳೆ ವಯಸ್ಸಿನ ತಾಯಿಯ ದೇಹ ಬಹಳ ಹೊತ್ತು ಬಿ.ಪಿ. ಬಿಟ್ಟುಕೊಡುವುದಿಲ್ಲ, ನಾಡಿ ಮೊದಲು ಓಡುತ್ತದೆ. ‘ಬಿ.ಪಿ. ನಾರ್ಮಲ್’ ಎಂದು ನಿಶ್ಚಿಂತರಾಗದೆ ನಾಡಿಯನ್ನೂ ನೋಡಬೇಕು.

ಸಿಜೇರಿಯನ್‌ನಲ್ಲಿ ಅರ್ಧದಿಂದ ಒಂದು ಲೀಟರ್ ರಕ್ತ ಹೋಗುವುದು ಸಾಮಾನ್ಯ. ಹಿಮೋಗ್ಲೋಬಿನ್ 11 ಇದ್ದವಳು ತಾಳಿಕೊಳ್ಳುತ್ತಾಳೆ, 7 ಇದ್ದವಳಿಗೆ ಅದೇ ನಷ್ಟ ಜೀವಕ್ಕೆ ಕುತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧ ಮಂದಿಗೆ ರಕ್ತಹೀನತೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆ ಡಬ್ಬಿಯಲ್ಲೇ ಉಳಿದರೆ ಅದರ ಬೆಲೆ ತಿಳಿಯುವುದು ಆಪರೇಷನ್ ಮೇಜಿನ ಮೇಲೆ.

ನನಗೆ ಹೆಚ್ಚು ಕಳವಳ ಮನೆಗೆ ಬಂದ ಮೇಲಿನ ದಿನಗಳದ್ದು. ‘ನೀರ ಕುಡದ್ರ ಹೊಟ್ಟಿ ಬರತೈತಿ’ ಎಂದು ಬಾಣಂತಿಗೆ ನೀರು ಕಡಿಮೆ ಕೊಡುವ ಮನೆಗಳು ಇನ್ನೂ ಇವೆ. ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡ, ಮೈತುಂಬ ಬೆವರು. ಹಾಲಾಗಿಯೇ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹೋಗುತ್ತದೆ. ಹೆರಿಗೆಯ ಸ್ರಾವ ತಡೆಯಲೆಂದು ಬಸುರಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವಂತೆ ಮಾರ್ಪಟ್ಟಿರುತ್ತದೆ; ಈಗ ಮೈಯ ನೀರೂ ಆರಿದರೆ ರಕ್ತ ಇನ್ನಷ್ಟು ಮಂದವಾಗುತ್ತದೆ. ಮಿದುಳಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಬಾಣಂತಿಯರನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಕಂಡು ದಾಖಲಿಸಿದ್ದಾರೆ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್‌ನಿಂದ ಹಲವರನ್ನು ಉಳಿಸಿದ್ದಾರೆ. ಬಾಣಂತಿ ಬಾಯಾರಿದಾಗಲೆಲ್ಲ ನೀರು ಕುಡಿಯಲಿ. ಆಸ್ಪತ್ರೆಯಲ್ಲಿದ್ದಾಗಲೇ, ಬೆನ್ನಿನ ಸೂಜಿಯ ಜೋಮು ಪೂರ್ತಿ ಇಳಿದ ಮೇಲೆ, ವೈದ್ಯರು ಹೇಳಿದ ದಿನವೇ ಯಾರದಾದರೂ ಕೈಹಿಡಿದು ನಾಲ್ಕು ಹೆಜ್ಜೆ ನಡೆಯಲಿ. ಕಾಲಿನ ಸ್ನಾಯು ಆಡಿದಾಗಲೇ ಅಲ್ಲಿ ನಿಂತ ರಕ್ತ ಮೇಲೇರುವುದು.

ಬೆನ್ನಿನ ಸೂಜಿಯಿಂದ ಬರುವ ತಲೆನೋವು ಸಾಮಾನ್ಯವಾಗಿ ಎದ್ದು ಕೂತರೆ ಹೆಚ್ಚಿ, ಮಲಗಿದರೆ ತಗ್ಗುತ್ತದೆ. ಮಲಗಿದರೂ ಬಿಡದೆ ದಿನದಿನಕ್ಕೆ ಏರುವ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಸೋಲುವುದು, ಒಂದೇ ಮೀನಖಂಡ ಊದುವುದು, ಇವುಗಳಲ್ಲಿ ಯಾವುದು ಕಂಡರೂ ಬಾಣಂತಿಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ; 108 ಆಂಬುಲೆನ್ಸ್‌ಗೆ ಕರೆ ಮಾಡಿ.