ಪ್ರೇಕ್ಷಕರೂ ಪಾತ್ರಧಾರಿಗಳಾದಾಗ

ನಾಟಕ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ವಾರ್ಷಿಕೋತ್ಸವದ ವೇದಿಕೆ. ಆಚೆ ಬಣ್ಣದ ಪರದೆ, ಮೈಕು, ವೇಷ ಹಾಕಿದವರು. ಈಚೆ ಸಾಲು ಸಾಲು ಕುರ್ಚಿಗಳು. ಆಚೆಯವರು ಆಡುತ್ತಾರೆ, ಈಚೆಯವರು ನೋಡುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಪುಟ್ಟ ಮಗು "ಹಿಂದೆ ನೋಡು, ಕಳ್ಳ ಬಂದ!" ಎಂದು ಕೂಗಿದರೆ ದೊಡ್ಡವರು "ಶ್! ಸುಮ್ಮನಿರು" ಎಂದು ಗದರಿಸುತ್ತಾರೆ.

ಆ ಮಗುವಿನ ಕೂಗನ್ನೇ ಹಿಡಿದುಕೊಂಡು ಕಥೆಯನ್ನು ಮುಂದುವರಿಸುವ ರಂಗಭೂಮಿಯೊಂದಿದೆ. ಅದನ್ನು ಸಹಭಾಗಿ ರಂಗಭೂಮಿ ಎನ್ನಬಹುದು. ಇಲ್ಲಿ ಪ್ರೇಕ್ಷಕರು ಮಾತನಾಡುತ್ತಾರೆ, ಎದ್ದು ಬರುತ್ತಾರೆ, ಕಥೆ ಯಾವ ಕಡೆಗೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಹಲವರು ಮುಂದೆ ಶಿಕ್ಷಕರಾಗುವವರು. ಎನ್‌ಎಸ್‌ಎಸ್ ಶಿಬಿರಗಳಲ್ಲಿ ಬೀದಿ ನಾಟಕ ಆಡುವವರಿದ್ದಾರೆ. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವರಂತೂ ಎಲ್ಲರೂ. ಆದ್ದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಆಟದೊಳಗೇ ಇರುವ ನಾಟಕ

ಐದು ವರ್ಷದ ಮಗುವಿಗೆ ಯಾರೂ ನಟನೆ ಕಲಿಸಬೇಕಾಗಿಲ್ಲ. ಗೆರಟೆಯಲ್ಲಿ ಮಣ್ಣು ತುಂಬಿಸಿ ಅದು "ಅನ್ನ" ಎನ್ನುತ್ತದೆ. ಹಲಸಿನ ಎಲೆ ನೂರು ರೂಪಾಯಿಯ ನೋಟಾಗುತ್ತದೆ. ಅಂಗಡಿಯಾಟದಲ್ಲಿ ಒಬ್ಬ ವ್ಯಾಪಾರಿ, ಇನ್ನೊಬ್ಬಳು ಚೌಕಾಸಿ ಮಾಡುವ ಗಿರಾಕಿ. ಅಲ್ಲಿ ಬರೆದಿಟ್ಟ ಸಂಭಾಷಣೆ ಇಲ್ಲ, ನೋಡುವವರೂ ಇಲ್ಲ. ಎಲ್ಲರೂ ಆಡುವವರೇ. ಇಂಗ್ಲೆಂಡಿನ ಪೀಟರ್ ಸ್ಲೇಡ್ ಅವರು 1954ರಲ್ಲಿ ಪ್ರಕಟಿಸಿದ 'ಚೈಲ್ಡ್ ಡ್ರಾಮಾ' ಎಂಬ ಪುಸ್ತಕದಲ್ಲಿ ಮಕ್ಕಳ ಈ ಆಟವೇ ಒಂದು ಸ್ವತಂತ್ರ ಕಲೆ ಎಂದು ವಾದಿಸಿದರು.

ಆಟ ಕೇವಲ ಕಾಲಹರಣವಲ್ಲ ಎಂಬುದನ್ನು ಕಾನೂನೂ ಒಪ್ಪಿದೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ವಿಶ್ರಾಂತಿ, ಆಟ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕು ಎಂದು ಗುರುತಿಸುತ್ತದೆ. ಭಾರತ 1992ರಲ್ಲಿ ಈ ಒಡಂಬಡಿಕೆಗೆ ಸೇರಿತು.

ಚಪ್ಪಾಳೆಯಿಂದ ತೀರ್ಮಾನದವರೆಗೆ

1904ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಜೆ.ಎಂ. ಬ್ಯಾರಿಯವರ 'ಪೀಟರ್ ಪ್ಯಾನ್' ನಾಟಕದ ಮೊದಲ ಪ್ರದರ್ಶನ ನಡೆಯಿತು. ಅದರಲ್ಲಿ ಟಿಂಕರ್ ಬೆಲ್ ಎಂಬ ಪುಟ್ಟ ಯಕ್ಷಿಣಿ ವಿಷ ಕುಡಿದು ಸಾಯುವ ಸ್ಥಿತಿಗೆ ಬರುತ್ತಾಳೆ. ಆಗ ಪೀಟರ್ ನೇರವಾಗಿ ಪ್ರೇಕ್ಷಕರ ಕಡೆಗೆ ತಿರುಗಿ, ಯಕ್ಷಿಣಿಯರಿದ್ದಾರೆ ಎಂದು ನಂಬುವವರು ಚಪ್ಪಾಳೆ ತಟ್ಟಬೇಕೆಂದು ಬೇಡಿಕೊಳ್ಳುತ್ತಾನೆ. ಚಪ್ಪಾಳೆ ಕೇಳಿದರೆ ಅವಳು ಬದುಕುತ್ತಾಳೆ. ಯಾರೂ ತಟ್ಟದಿದ್ದರೆ ಏನು ಗತಿ ಎಂಬ ಆತಂಕದಿಂದ ಬ್ಯಾರಿ ವಾದ್ಯಗಾರರಿಗೆ ಮೊದಲೇ ಹೇಳಿಟ್ಟಿದ್ದರಂತೆ. ಆದರೆ ಸಭಾಂಗಣವೇ ಚಪ್ಪಾಳೆಯಿಂದ ತುಂಬಿತು.

ಭಾಗವಹಿಸುವುದರಲ್ಲಿ ಇದು ಮೊದಲ ಮೆಟ್ಟಿಲು. ಮಕ್ಕಳು ಸದ್ದು ಮಾಡಿದರು, ಆದರೆ ಕಥೆ ಎಲ್ಲಿಗೆ ಹೋಗಬೇಕೆಂದು ಲೇಖಕರು ಮೊದಲೇ ತೀರ್ಮಾನಿಸಿಯಾಗಿತ್ತು. ಎರಡನೆಯ ಮೆಟ್ಟಿಲಿನಲ್ಲಿ ಮಕ್ಕಳು ಕೆಲಸ ಮಾಡುತ್ತಾರೆ: ಗಾಳಿಯಾಗುತ್ತಾರೆ, ಮರವಾಗುತ್ತಾರೆ, ದೋಣಿಗೆ ಹುಟ್ಟು ಹಾಕುತ್ತಾರೆ. ಮೂರನೆಯದರಲ್ಲಿ ಅವರು ತೀರ್ಮಾನ ಮಾಡುತ್ತಾರೆ, ಆ ತೀರ್ಮಾನದ ಫಲವನ್ನು ನಟರು ಅವರ ಕಣ್ಣೆದುರೇ ಆಡಿ ತೋರಿಸಬೇಕಾಗುತ್ತದೆ. ಈ ಮೂರನೆಯ ಮೆಟ್ಟಿಲೇ ಅತ್ಯಂತ ಕಷ್ಟದ್ದು. ಏಕೆಂದರೆ ಮಕ್ಕಳು ಏನು ಹೇಳುತ್ತಾರೆಂದು ನಟರಿಗೆ ಮುಂಚಿತವಾಗಿ ಗೊತ್ತಿರುವುದಿಲ್ಲ.

ಶಾಲೆಯೊಳಗೆ ಬಂದ ರಂಗಭೂಮಿ

ಬ್ರಿಯಾನ್ ವೇ ಎಂಬವರು 1953ರಲ್ಲಿ ಲಂಡನ್ನಿನಲ್ಲಿ 'ಥಿಯೇಟರ್ ಸೆಂಟರ್' ತಂಡವನ್ನು ಸ್ಥಾಪಿಸುವುದರಲ್ಲಿ ಮುಂದಾದರು. ಅವರ ನಟರು ಶಾಲೆಗಳಿಗೇ ಹೋಗುತ್ತಿದ್ದರು. ಎತ್ತರದ ವೇದಿಕೆ ಇಲ್ಲ. ಮಕ್ಕಳು ನೆಲದ ಮೇಲೆ ಸುತ್ತಲೂ ಕುಳಿತುಕೊಳ್ಳುತ್ತಿದ್ದರು, ನಡುವೆ ನಾಟಕ. ವೇದಿಕೆಯ ಎತ್ತರ ಹೋದ ಮೇಲೆ ನಟನಿಗೂ ಮಗುವಿಗೂ ನಡುವಿನ ಅಂತರ ತಾನಾಗಿಯೇ ಕಡಿಮೆಯಾಗುತ್ತದೆ.

1965ರಲ್ಲಿ ಕವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರದಲ್ಲಿ 'ಶಿಕ್ಷಣದಲ್ಲಿ ರಂಗಭೂಮಿ' ಎಂಬ ತಂಡ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಯಿಂದ ನಾಶವಾಗಿ ಮತ್ತೆ ಕಟ್ಟಿದ ನಗರ ಅದು. ಬೆಲ್‌ಗ್ರೇಡಿನವರು ಉಡುಗೊರೆಯಾಗಿ ಕೊಟ್ಟ ಮರ ಬಳಸಿದ್ದರಿಂದ ರಂಗಮಂದಿರಕ್ಕೆ ಆ ಹೆಸರು. ನಟರೂ ಶಿಕ್ಷಕರೂ ಆಗಿದ್ದವರು ಶಾಲೆಗಳಿಗೆ ಹೋಗಿ, ಪಾಠದ ವಿಷಯವನ್ನೇ ಒಂದು ಸಮಸ್ಯೆಯಾಗಿ ಮಕ್ಕಳ ಮುಂದಿಟ್ಟು, ಅವರನ್ನು ಅದರೊಳಗೆ ಸೇರಿಸಿಕೊಳ್ಳುತ್ತಿದ್ದರು. ಈ ಪದ್ಧತಿ ಬೇಗನೆ ಬೇರೆ ಊರುಗಳಿಗೂ ಹಬ್ಬಿತು.

ಡೊರೊಥಿ ಹೀತ್‌ಕೋಟ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. 14ನೇ ವಯಸ್ಸಿಗೆ ಶಾಲೆ ಬಿಟ್ಟು ಉಣ್ಣೆ ಗಿರಣಿಯಲ್ಲಿ ದುಡಿದ ಹುಡುಗಿ, ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೇ ಪಾಠ ಹೇಳುವವರಾದರು. ತರಗತಿಯ ಮಕ್ಕಳನ್ನೇ ಪರಿಣತರ ಸ್ಥಾನದಲ್ಲಿ ಕೂರಿಸುವುದು ಅವರ ವಿಧಾನ. "ನೀವೆಲ್ಲ ವೈದ್ಯರು, ಈ ಊರಿನಲ್ಲಿ ಜ್ವರ ಹಬ್ಬಿದೆ, ಏನು ಮಾಡೋಣ?" ಎಂದು ಕೇಳಿದರೆ ಅದುವರೆಗೆ ಸುಮ್ಮನಿದ್ದ ಹುಡುಗನೂ ಬಾಯಿ ತೆರೆಯುತ್ತಾನೆ. ಇಲ್ಲಿ ಉತ್ತರ ಬೇಕಾಗಿರುವುದು ಅಂಕಕ್ಕಲ್ಲ, ಊರಿಗೆ.

ಎಲ್ಲ ಮಕ್ಕಳೂ ಮಾತಿನಿಂದಲೇ ಭಾಗವಹಿಸಬೇಕೆಂದಿಲ್ಲ. 1981ರಲ್ಲಿ ಆರಂಭವಾದ ಲಂಡನ್ನಿನ 'ಆಯ್ಲಿ ಕಾರ್ಟ್' ತಂಡವು ಎಳೆಯ ಶಿಶುಗಳಿಗಾಗಿ ಮತ್ತು ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗಾಗಿ ನಾಟಕ ಮಾಡುತ್ತದೆ. ಸ್ಪರ್ಶ, ವಾಸನೆ, ನೀರು, ಬೆಳಕು, ತೂಗಾಟ ಇವೇ ಅವರ ಭಾಷೆ. ಕೆಲವು ನಾಟಕಗಳನ್ನು ಬೆಚ್ಚನೆಯ ನೀರಿನ ಕೊಳದಲ್ಲೇ ಆಡಿದ್ದಾರೆ. ನಟರು ಒಂದೊಂದು ಮಗುವಿನ ಬಳಿ ಹೋಗಿ, ಅದರ ಮುಖಭಾವ ನೋಡಿ ಮುಂದುವರಿಯುತ್ತಾರೆ.

"ನಿಲ್ಲಿಸಿ!" ಎನ್ನುವ ಹಕ್ಕು

ಬ್ರೆಜಿಲಿನ ಆಗಸ್ಟೋ ಬೋಲ್ (1931-2009) ಈ ರಂಗಭೂಮಿಗೆ ಇನ್ನೊಂದು ದಾರಿ ತೋರಿಸಿದರು. ಅಲ್ಲಿನ ಸೇನಾ ಆಡಳಿತ 1971ರಲ್ಲಿ ಅವರನ್ನು ಬಂಧಿಸಿ ಹಿಂಸಿಸಿತು. ಆ ಬಳಿಕ ಅವರು ದೇಶ ಬಿಡಬೇಕಾಯಿತು. 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡುವಾಗ ನಡೆದ ಒಂದು ಪ್ರಸಂಗವನ್ನು ಅವರು ಹೇಳಿಕೊಂಡಿದ್ದಾರೆ. ಗಂಡನಿಂದ ಮೋಸಹೋದ ಹೆಂಗಸಿನ ಕಥೆಯನ್ನು ನಟರು ಆಡುತ್ತಿದ್ದರು. ಅವಳು ಏನು ಮಾಡಬೇಕೆಂದು ಪ್ರೇಕ್ಷಕರು ಸಲಹೆ ಕೊಡಬೇಕು, ಅದನ್ನು ನಟರು ಆಡಿ ತೋರಿಸಬೇಕು. ಪ್ರೇಕ್ಷಕರಲ್ಲಿದ್ದ ಒಬ್ಬ ಮಹಿಳೆ ಕೊಟ್ಟ ಸಲಹೆಯನ್ನು ಎಷ್ಟು ಸಲ ಆಡಿದರೂ ಆಕೆಗೆ ತೃಪ್ತಿಯಾಗಲಿಲ್ಲ. ಕೊನೆಗೆ ಬೋಲ್ ಆಕೆಯನ್ನೇ ವೇದಿಕೆಗೆ ಕರೆದರು. ತನ್ನ ಮನಸ್ಸಿನಲ್ಲಿದ್ದುದನ್ನು ಆಕೆ ತಾನೇ ಮಾಡಿ ತೋರಿಸಿದಳು.

'ಫೋರಂ ಥಿಯೇಟರ್' ಎಂಬ ಪ್ರಕಾರದ ತಿರುಳು ಇದೇ. ಅನ್ಯಾಯವೊಂದು ನಡೆಯುವ ಚಿಕ್ಕ ನಾಟಕವನ್ನು ಒಮ್ಮೆ ಪೂರ್ತಿ ಆಡುತ್ತಾರೆ. ಅದು ಸೋಲಿನಲ್ಲಿ ಮುಗಿಯುತ್ತದೆ. ಎರಡನೆಯ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ "ನಿಲ್ಲಿಸಿ!" ಎಂದು ಕೂಗಿ, ಅನ್ಯಾಯಕ್ಕೊಳಗಾದ ಪಾತ್ರದ ಜಾಗಕ್ಕೆ ಬಂದು, ತಾವಾಗಿದ್ದರೆ ಏನು ಮಾಡುತ್ತಿದ್ದೆವೆಂದು ತೋರಿಸಬಹುದು. ಬೋಲ್ ಮುಂದೆ ರಿಯೊ ನಗರಸಭೆಯ ಸದಸ್ಯರಾಗಿ ಆಯ್ಕೆಯಾದಾಗ, ಇಂಥ ನಾಟಕಗಳಲ್ಲಿ ಜನರು ಮುಂದಿಟ್ಟ ವಿಚಾರಗಳನ್ನು ಸಭೆಗೆ ತಂದರು. ಅವುಗಳಲ್ಲಿ 13 ಕಾನೂನುಗಳಾಗಿ ಜಾರಿಗೆ ಬಂದವು.

ನಮ್ಮ ದೇಶದಲ್ಲಿ, ನಮ್ಮ ನಾಡಿನಲ್ಲಿ

ಪಶ್ಚಿಮ ಬಂಗಾಳದಲ್ಲಿ ಸಂಜಯ್ ಗಂಗೂಲಿ ಅವರು 1985ರಲ್ಲಿ ಸ್ಥಾಪಿಸಿದ 'ಜನ ಸಂಸ್ಕೃತಿ' ಸಂಸ್ಥೆಯು ಹಳ್ಳಿ ಹಳ್ಳಿಗಳಲ್ಲಿ ಫೋರಂ ನಾಟಕಗಳನ್ನು ಆಡುತ್ತಿದೆ. ವರದಕ್ಷಿಣೆ, ಬಾಲ್ಯವಿವಾಹ, ಮನೆಯೊಳಗಿನ ಹಿಂಸೆ ಇವೆಲ್ಲ ಅಲ್ಲಿನ ವಸ್ತುಗಳು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು 1989ರಲ್ಲಿ 'ಸಂಸ್ಕಾರ ರಂಗ ಟೋಲಿ' ಎಂಬ, ಮಕ್ಕಳಿಗಾಗಿಯೇ ಇರುವ ಶಿಕ್ಷಣ ರಂಗತಂಡವನ್ನು ಕಟ್ಟಿತು.

ಬಿ.ವಿ. ಕಾರಂತರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯವರು. ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ ಸೇರಿದ ಅವರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾದರು. ರಂಗಾಯಣದ 'ಚಿಣ್ಣರ ಮೇಳ' ಎಂಬ ಬೇಸಿಗೆ ಶಿಬಿರದಲ್ಲಿ ಮಕ್ಕಳು ಹಾಡು, ಮುಖವಾಡ, ಚಿತ್ರ, ನಾಟಕಗಳನ್ನು ಒಟ್ಟಿಗೇ ಕಲಿಯುತ್ತಾರೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಕ್ಕಳ ರಂಗಭೂಮಿಗೆ ಅಷ್ಟು ಒಗ್ಗಿರುವುದಕ್ಕೂ ಒಂದು ಕಾರಣವಿದೆ. ಅದರಲ್ಲಿ ಇಲಿಗಳೂ ಬೇಕು, ಊರಿನ ಮಕ್ಕಳೂ ಬೇಕು. ಎಷ್ಟು ಮಂದಿಯಿದ್ದರೂ ಪಾತ್ರ ಸಾಲದು ಎನ್ನುವಂತಿಲ್ಲ. ಇಡೀ ತರಗತಿಯೇ ನಾಟಕದೊಳಗೆ ಬರಬಹುದು. ಇನ್ನು ಕರಾವಳಿಯವರಿಗೆ ಆಶುಮಾತು ಹೊಸದೇನಲ್ಲ. ತಾಳಮದ್ದಳೆಯ ಅರ್ಥಧಾರಿಗಳು ಬರೆದ ಸಂಭಾಷಣೆಯಿಲ್ಲದೆ ರಾತ್ರಿಯಿಡೀ ವಾದ ಮಾಡುವುದನ್ನು ನಾವು ಕೇಳಿದ್ದೇವೆ.

ಅಂಚೆಯಣ್ಣನ ಒದ್ದೆ ಚೀಲ

ಇದನ್ನು ಮಾಡುವ ಬಗೆ ಹೇಗೆ? ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಮೂವತ್ತು ಮಕ್ಕಳು ಮತ್ತು ಅವರ ಮನೆಯವರ ಜೊತೆ ಮಾಡಬಹುದಾದ ಒಂದು ಮಾದರಿಯನ್ನು ನೋಡೋಣ. ಬೇಕಾದದ್ದು ಒಂದು ಚೀಲ, ಏಳೆಂಟು ಕಾಗದ, ನಾಲ್ವರು ಸ್ವಯಂಸೇವಕರು.

ಮಳೆಯಲ್ಲಿ ನೆನೆದ ಅಂಚೆಯಣ್ಣ ಓಡಿ ಬರುತ್ತಾನೆ. ಚೀಲ ಒದ್ದೆಯಾಗಿ ಪತ್ರಗಳ ಮೇಲಿನ ವಿಳಾಸವೆಲ್ಲ ಅಳಿಸಿಹೋಗಿದೆ. "ಯಾರ ಪತ್ರ ಯಾರಿಗೆ ಕೊಡಲಿ? ಸಹಾಯ ಮಾಡಿ" ಎನ್ನುತ್ತಾನೆ. ಮಕ್ಕಳು ಗುಂಪುಗಳಾಗಿ, ಅಜ್ಜಿಯೋ ಉಮ್ಮನೋ ಜೊತೆಗಿದ್ದು, ಒಂದೊಂದು ಪತ್ರ ಓದಿ ಅದು ಯಾರದ್ದಿರಬಹುದೆಂದು ಸುಳಿವು ಹುಡುಕುತ್ತಾರೆ. ಅಕ್ಷರ ಬಾರದ ಅಜ್ಜಿಗೆ ಮೊಮ್ಮಗ ಓದಿ ಹೇಳುತ್ತಾನೆ, ಅಜ್ಜಿ ತನ್ನ ಕಾಲದ ಪತ್ರಗಳ ಸಂಗತಿ ಹೇಳುತ್ತಾರೆ. ಮೀನುಗಾರ, ಬೀಡಿ ಕಟ್ಟುವ ಅಕ್ಕ, ದೂರದಲ್ಲಿ ದುಡಿಯುವ ಮಗನ ದಾರಿ ಕಾಯುವ ತಾಯಿ ಇವರಾಗಿ ಉಳಿದ ಸ್ವಯಂಸೇವಕರು ಪತ್ರ ಪಡೆಯುತ್ತಾರೆ.

ಕೊನೆಯ ಪತ್ರದಲ್ಲಿ ಕೆಟ್ಟ ಸುದ್ದಿಯಿದೆ: ಈ ಹಬ್ಬಕ್ಕೂ ಮಗನಿಗೆ ರಜೆ ಸಿಕ್ಕಿಲ್ಲ. ತಾಯಿ ಆಗಲೇ ಅವನಿಗಾಗಿ ತಿಂಡಿ ಮಾಡಿಟ್ಟು ಕಾಯುತ್ತಿದ್ದಾರೆ. ಪತ್ರ ಈಗಲೇ ಕೊಡುವುದೋ, ಹಬ್ಬ ಕಳೆದ ಮೇಲೆ ಕೊಡುವುದೋ? ಅಂಚೆಯಣ್ಣ ಮಕ್ಕಳನ್ನೇ ಕೇಳುತ್ತಾನೆ. ಕೆಲವರು "ಕೊಡಿ, ಅದು ಅವರದ್ದು" ಎನ್ನುತ್ತಾರೆ. ಕೆಲವರು "ಬೇಡ, ಅಳುತ್ತಾರೆ" ಎನ್ನುತ್ತಾರೆ. ಯಾವುದನ್ನು ಆರಿಸಿದರೂ ನಟರು ಅದನ್ನು ಪ್ರಾಮಾಣಿಕವಾಗಿ ಆಡಬೇಕು. ಸತ್ಯ ಹೇಳುವ ಬಗೆಯನ್ನು ಎಂಟು ವರ್ಷದ ಮಗು ತನ್ನ ಮನೆಯವರ ಪಕ್ಕದಲ್ಲೇ ಕುಳಿತು ಯೋಚಿಸುತ್ತದೆ. ಉಪದೇಶದಿಂದ ಇದು ಬರುವುದಿಲ್ಲ.

ನಮ್ಮ ವಯಸ್ಸಿನವರಿಗೆ

ಫೋರಂ ನಾಟಕಕ್ಕೆ ವಸ್ತು ಹುಡುಕಿ ದೂರ ಹೋಗಬೇಕಾಗಿಲ್ಲ. ಪ್ರಥಮ ಪಿಯುಸಿಯಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣನಾದ ಹುಡುಗ. "ಓದಿದ್ದು ಸಾಕು, ನಾಳೆಯಿಂದ ಅಂಗಡಿಗೆ ಬಾ" ಎನ್ನುವ ಅಬ್ಬ. ಪೂರಕ ಪರೀಕ್ಷೆ ಬರೆಯುವ ಆಸೆಯಿದ್ದರೂ ಬಾಯಿ ಬಿಡದ ಮಗ. ಒಳಗಿನಿಂದ ಕೇಳುತ್ತಾ ನಿಂತ ಉಮ್ಮ. ನಾಟಕ ಹುಡುಗನ ಮೌನದಲ್ಲಿ ಮುಗಿಯುತ್ತದೆ. ಎರಡನೆಯ ಸಲ ನಿಮ್ಮಲ್ಲೊಬ್ಬರು ಎದ್ದು ಅವನ ಜಾಗಕ್ಕೆ ಹೋಗಿ.

ಇಲ್ಲೊಂದು ನಿಯಮವಿದೆ. ಅಬ್ಬನ ಪಾತ್ರವನ್ನು ಬದಲಾಯಿಸಿ ಅವರನ್ನು ಒಮ್ಮೆಲೇ ಉದಾರಿಯಾಗಿಸುವಂತಿಲ್ಲ. ಅದು ಮಂತ್ರದಿಂದ ಮಾವಿನಕಾಯಿ ಉದುರಿಸಿದಂತೆ. ಅಂಗಡಿಯ ಸಾಲ, ಬಾಡಿಗೆ, ಕೆಲಸಕ್ಕೆ ಜನ ಸಿಗದಿರುವುದು ಇವೆಲ್ಲ ಅವರ ಕಡೆಯ ನಿಜಗಳು. ಅಬ್ಬನ ಪಾತ್ರಧಾರಿ ಸುಲಭವಾಗಿ ಸೋಲಬಾರದು. ಸಿಟ್ಟಿನಿಂದ ಮಾತನಾಡಿದರೆ ಏನಾಗುತ್ತದೆ, ಉಪನ್ಯಾಸಕರನ್ನು ಮನೆಗೆ ಕರೆದರೆ ಏನಾಗುತ್ತದೆ, ಬೆಳಗ್ಗೆ ಓದು ಸಂಜೆ ಅಂಗಡಿ ಎಂದರೆ ಏನಾಗುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಬಹುದು. ನಿಜವಾದ ಮನೆಯಲ್ಲಿ ಈ ಮಾತಿಗೆ ಸಿಗುವುದು ಒಂದೇ ಅವಕಾಶ. ನಾಟಕದಲ್ಲಿ ಐದು ಸಲ ಸೋಲಬಹುದು, ಯಾರಿಗೂ ನಷ್ಟವಿಲ್ಲ.

ಮರೆಯಬಾರದ ಕೆಲವು ಮಾತುಗಳು

ಬರಲೊಲ್ಲದ ಮಗುವನ್ನು ಕೈಹಿಡಿದು ಎಳೆಯಬೇಡಿ. ನೋಡುತ್ತಾ ಕೂರುವುದೂ ಭಾಗವಹಿಸುವ ಒಂದು ರೀತಿಯೇ.

ಮಕ್ಕಳನ್ನು ಕೇಳಿ, ಬಳಿಕ ನೀವು ಅಂದುಕೊಂಡದ್ದನ್ನೇ ಮಾಡಬೇಡಿ. ಪೊಳ್ಳು ಆಯ್ಕೆಯನ್ನು ಮಕ್ಕಳು ಬಹಳ ಬೇಗ ಗುರುತಿಸುತ್ತಾರೆ.

ನಾಟಕದ ಹೊತ್ತಿನಲ್ಲಿ ಯಾರಾದರೂ ತಮ್ಮ ಮನೆಯ ನೋವನ್ನು ಹೇಳಿಕೊಂಡರೆ ಅದು ಮೊಬೈಲ್ ವಿಡಿಯೋ ಆಗಿ ಹೊರಗೆ ಹೋಗಬಾರದು. ಮಗುವಿಗೆ ನಿಜವಾದ ತೊಂದರೆಯಿದೆ ಎಂದು ಅನ್ನಿಸಿದರೆ ನಂಬಿಕೆಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದೆ.

ಕೊನೆಯಲ್ಲಿ ನೀತಿಪಾಠ ಬೇಡ. ಹತ್ತು ನಿಮಿಷ ಸುತ್ತಲೂ ಕುಳಿತು "ನಿಮಗೆ ಏನನ್ನಿಸಿತು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ಶಿಬಿರಗಳಲ್ಲಿ ನಾವು ಆಡುವ ಬೀದಿ ನಾಟಕಗಳು ಹೆಚ್ಚಾಗಿ ಊರಿನವರಿಗೆ ಬುದ್ಧಿ ಹೇಳುತ್ತವೆ: ಪ್ಲಾಸ್ಟಿಕ್ ಬಿಡಿ, ಕುಡಿತ ಬಿಡಿ, ಮಕ್ಕಳನ್ನು ಓದಿಸಿ. ಊರಿನವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಮುಂದಿನ ಶಿಬಿರದಲ್ಲಿ ಒಂದು ಸಂಜೆಯನ್ನಾದರೂ ಹೇಳುವುದಕ್ಕೆ ಬದಲು ಕೇಳುವುದಕ್ಕೆ ಮೀಸಲಿಡೋಣ. ಮಾರ್ಚ್ 20 ಮಕ್ಕಳ ಮತ್ತು ಯುವಜನರ ವಿಶ್ವ ರಂಗಭೂಮಿ ದಿನ. ಆ ಹೊತ್ತಿಗೆ ನಮಗೆ ಪರೀಕ್ಷೆಯ ಗಡಿಬಿಡಿ ಇರುತ್ತದೆ ನಿಜ. ಆದರೆ ಅಂಚೆಯಣ್ಣನ ಚೀಲಕ್ಕೆ ಪತ್ರ ಬರೆಯಲು ಒಂದು ಭಾನುವಾರ ಸಾಕು. ಆಸಕ್ತಿಯಿದ್ದವರು ನಾಲ್ವರು ಸೇರಿ, ಕನ್ನಡ ಉಪನ್ಯಾಸಕರನ್ನೋ ಎನ್‌ಎಸ್‌ಎಸ್ ಅಧಿಕಾರಿಯನ್ನೋ ಕಂಡು ಮಾತನಾಡಿ.