ಮಿದುಳಿನ ಕರಿಯ ನೆಲೆ

ಜಗಲಿಯ ಮೇಲೆ ಸುಮ್ಮನೆ ಕುಳಿತಿರುವ ಹಿರಿಯರೊಬ್ಬರ ಕೈ ತಾನಾಗಿ ನಡುಗುತ್ತಿರುವುದು. ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯುವುದು, ಹೆಜ್ಜೆಗಳು ಗಿಡ್ಡವಾಗಿವೆ, ಮುಖದಲ್ಲಿ ನಗು ಮೂಡದು. ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುವರು. ಕೆಲವರು ‘ಇದೆಲ್ಲ ಹಟ’ ಎಂದು ಗದರುವುದೂ ಉಂಟು. ಆ ಗದರಿಕೆ ಎಷ್ಟು ಅನ್ಯಾಯವಾದುದೆಂದು ತಿಳಿಯಬೇಕಾದರೆ ಮಿದುಳಿನೊಳಗಿನ ಒಂದು ಚಿಕ್ಕ ನೆಲೆಯನ್ನು ಕುರಿತು ಅರಿಯಬೇಕು.

ದೊಡ್ಡಬಳ್ಳಾಪುರವನ್ನು ಕಂಡವರಿಗೆ ಈ ವಿಷಯವು ಸುಲಭವಾಗಿ ಮನಸ್ಸಿಗೆ ಹತ್ತುವುದು. ಅಲ್ಲಿ ಮಗ್ಗಗಳು ಸದ್ದುಮಾಡುವುದು ನೇಕಾರರ ಕೇರಿಗಳಲ್ಲಿ. ಆದರೆ ಅಲ್ಲಿ ನೇಯ್ದ ಸೀರೆಯನ್ನು ಉಡುವವರು ದೂರದೂರದ ಊರುಗಳಲ್ಲಿರುವರು. ಮಿದುಳಿನ ವ್ಯವಸ್ಥೆಯೂ ಹಾಗೆಯೇ.

ಬೇಳೆ, ಹಾಲು ಮೊದಲಾದ ಆಹಾರದಿಂದ ಟೈರೊಸೀನ್ ಎಂಬ ವಸ್ತು ನಮಗೆ ದೊರೆಯುವುದು. ಟೈರೊಸೀನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಅದನ್ನು ಲೆವೊಡೋಪವಾಗಿ ಮಾರ್ಪಡಿಸುವುದು. ಮತ್ತೊಂದು ಕಿಣ್ವವು ಲೆವೊಡೋಪವನ್ನು ಡೋಪಮೈನ್ ಆಗಿಸುವುದು. ಒಂದು ನರಕಣದಿಂದ ಇನ್ನೊಂದಕ್ಕೆ ಸುದ್ದಿಯನ್ನೊಯ್ಯುವ ದೂತನೇ ಈ ಡೋಪಮೈನ್. ನಮ್ಮ ಚಲನೆಯು ಸರಾಗವಾಗುವುದು ಇದರ ನೆರವಿನಿಂದ.

ಮೊದಲನೆಯ ಕಿಣ್ವವು ಮಿದುಳಿನ ತುಂಬ ಹರಡಿಕೊಂಡಿಲ್ಲ. ಅದರ ಮುಖ್ಯ ನೆಲೆಯು ನಡುಮಿದುಳಿನಲ್ಲಿರುವ ‘ಕರಿಯ ದ್ರವ್ಯ’ವೆಂಬ ಭಾಗ. ಮನುಷ್ಯನ ಮಿದುಳಿನ ಸುಮಾರು ೮,೬೦೦ ಕೋಟಿ ನರಕಣಗಳಲ್ಲಿ ಇಲ್ಲಿರುವ ಇಂತಹ ಕಣಗಳು ಕೆಲವೇ ಲಕ್ಷ. ವಾಸನೆಯನ್ನು ಗ್ರಹಿಸುವ ಭಾಗದಲ್ಲಿಯೂ, ‘ನೀಲಿ ತಾಣ’ವೆಂಬ ಬಿಂದುವಿನಂತಹ ಎಡೆಯಲ್ಲಿಯೂ ಈ ಕಿಣ್ವವು ಉಂಟು.

೧೯೫೭ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ನರು ನಮ್ಮ ಸರ್ಪಗಂಧದ ಬೇರಿನಲ್ಲಿರುವ ರೆಸರ್ಪೀನ್ ಔಷಧವನ್ನು ಮೊಲಗಳಿಗೆ ಕೊಟ್ಟರು. ಅವು ಅಲುಗದೆ ಬಿದ್ದುಕೊಂಡವು. ಲೆವೊಡೋಪವನ್ನು ಚುಚ್ಚಿದೊಡನೆ ಮತ್ತೆ ಎದ್ದು ಓಡಾಡಿದವು! ೧೯೬೪ರಲ್ಲಿ ನಾಗಾತ್ಸು, ಲೆವಿಟ್, ಉಡೆನ್‌ಫ್ರೆಂಡ್ ಎಂಬವರು ಕಿಣ್ವವನ್ನೇ ಗುರುತಿಸಿದರು. ಅದೇ ವರ್ಷ ಡಾಲ್‌ಸ್ಟ್ರೋಮ್, ಫುಕ್ಸೆ ಎಂಬವರು ಇಲಿಯ ಮಿದುಳಿನಲ್ಲಿ ಈ ಜಾತಿಯ ಕಣಗಳ ನೆಲೆಗಳನ್ನು ಹೊಳೆಯುವಂತೆ ಮಾಡಿ ತೋರಿಸಿದರು. ವಿಚಿತ್ರವೆಂದರೆ, ಮನುಷ್ಯನಲ್ಲಿ ಬರಿಗಣ್ಣಿಗೇ ಕಾಣುವ ಆ ಕಪ್ಪು ಇಲಿಯಲ್ಲಿ ಕಾಣದು. ಕಿಣ್ವವು ಮಾತ್ರ ಅದೇ ಎಡೆಯಲ್ಲಿರುವುದು. ಆದುದರಿಂದ ಮನುಷ್ಯನ ರೋಗವನ್ನು ಪೂರ್ಣವಾಗಿ ಅರಿಯಲು ಮನುಷ್ಯನ ಮಿದುಳೇ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ಮಿದುಳಿನ ಭಂಡಾರವು ದಾನವಾಗಿ ಬಂದ ಮಿದುಳುಗಳನ್ನು ಈ ಕಾರ್ಯಕ್ಕಾಗಿ ಕಾಪಾಡಿಡುತ್ತಿದೆ.

ಕರಿಯ ನೆಲೆಯ ಕಣಗಳು ನಶಿಸುತ್ತ ಹೋದಂತೆ ಕೇರಿಯ ಮಗ್ಗಗಳು ಒಂದೊಂದಾಗಿ ನಿಲ್ಲುವವು. ಇದೇ ಪಾರ್ಕಿನ್ಸನ್ ರೋಗ. ಕಿಣ್ವವು ಮಾಡಬೇಕಾಗಿದ್ದ ಲೆವೊಡೋಪವನ್ನು ಗುಳಿಗೆಯ ರೂಪದಲ್ಲಿ ಕೊಡುವುದೇ ಇದರ ಮುಖ್ಯ ಚಿಕಿತ್ಸೆ. ರೋಗವು ಮಾಯವಾಗದಿದ್ದರೂ ಕೈಕಾಲು ಬಹುಮಟ್ಟಿಗೆ ಸ್ವಾಧೀನಕ್ಕೆ ಬರುವುದು. ಬೇಲಿಯ ನಸುಗುನ್ನಿ ಬೀಜದಲ್ಲಿಯೂ ಲೆವೊಡೋಪವಿದೆಯೆಂಬುದು ನಿಜ. ಆದರೆ ಅಳತೆಯರಿಯದೆ ಅರೆದು ಕುಡಿಸುವುದು ಅಪಾಯಕರ. ವೈದ್ಯರು ಕೊಟ್ಟ ಗುಳಿಗೆಯನ್ನು ತಾವಾಗಿ ಒಮ್ಮೆಲೇ ನಿಲ್ಲಿಸಲೂ ಬಾರದು.

ನಡುಕವೆಲ್ಲವೂ ಈ ರೋಗವಲ್ಲ. ಈ ರೋಗಿಗಳೆಲ್ಲರಿಗೂ ನಡುಕವಿರುವುದೂ ಇಲ್ಲ. ಅದನ್ನು ನಿರ್ಣಯಿಸತಕ್ಕವರು ನರರೋಗ ವೈದ್ಯರು. ಮನೆಯವರು ಮಾಡತಕ್ಕದ್ದು ಇಷ್ಟೆ: ಗದರಿಕೆಯನ್ನು ಬಿಟ್ಟು, ಹಿರಿಯರು ಗುಂಡಿ ಹಾಕಿಕೊಳ್ಳುವವರೆಗೆ ತಾಳ್ಮೆಯಿಂದ ಕಾದು, ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವುದು.